ಎರಡು ಲೋಡ್ ಕಲ್ಲೋ, ಕಳ್ಳೋ? ಮೆಸೇಜ್ ಕಳಿಸುವವರಿಗೆ 5 ಸೂತ್ರಗಳು

ಕೆಲಸದಲ್ಲಿ ಮೇಲೆ ಬರಬೇಕೇ? ಹಾಗಾದರೆ ಮೊದಲು ಬೆರಳನ್ನು ಪಳಗಿಸಿ. ‘ನನಗೆ ಕಾಗುಣಿತ ಬರಲ್ಲ’ ಅನ್ನುವುದು ಬರೀ ರೂಢಿ, ಇವತ್ತೇ ಬಿಡಿ.

1. ಕನ್ನಡವನ್ನು ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ.
ಇಂಗ್ಲಿಷಿನಲ್ಲಿರುವುದು ಒಂದೇ ‘ಎಲ್’. ನಮಗೆ ಲ ಬೇರೆ, ಳ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ‘ಸೈಟಿಗೆ ಎರಡು ಲೋಡ್ ಕಲ್ಲು ಬೇಕು’ ಅಂತ ಒತ್ತಿದರೆ ಓದುವವನಿಗೆ ಅದು ಕಳ್ಳೂ ಆಗಬಹುದು. ‘ಕಿಚನ್‌ನಲ್ಲಿ ಕೊಳೆ ಆಗಿದೆ, ಬೇಗ ಬನ್ನಿ’ ಅಂದರೆ ಪೊರಕೆ ಬರಬೇಕಾದಲ್ಲಿ ಪೊಲೀಸರು ಬಂದಾರು! ರಜೆಗೆ ಹಳ್ಳಿಗೆ ಹೊರಟವನು ಹಲ್ಲಿಗೆ ಹೊರಡುತ್ತಾನೆ. ಫೋನಿನ ಸೆಟ್ಟಿಂಗ್‌ಗೆ ಹೋಗಿ, ಕನ್ನಡ ಕೀಬೋರ್ಡ್ ಆನ್ ಮಾಡಿ. ನಿಧಾನವಾಗುತ್ತದೆ ಅನ್ನುವುದು ನೆಪ. ಒಂದು ವಾರ ಹಠ ಹಿಡಿಯಿರಿ, ಬೆರಳು ತಾನಾಗಿ ಓಡುತ್ತದೆ.

2. ಆಮಂತ್ರಣವನ್ನು ಇನ್ನೊಬ್ಬರಿಗೆ ತೋರಿಸಿ.
‘ಆದರದ ಸ್ವಾಗತ’ಕ್ಕೆ ಒಂದು ಹಕಾರ ಅಂಟಿದರೆ ‘ಹಾದರದ ಸ್ವಾಗತ’. (ಅರ್ಥ ಗೊತ್ತಿಲ್ಲದವರು ದಯವಿಟ್ಟು ಅಜ್ಜಿಯನ್ನು ಕೇಳಬೇಡಿ.) ನೀವೇ ಜೋರಾಗಿ ಓದಿಕೊಂಡರೆ ಸಾಲದು, ಬಾಯಿಗೂ ಅ-ಹ ಬೆರೆಸುವ ರೂಢಿ ಇರುತ್ತದೆ. ಇನ್ನೊಂದು ಜೊತೆ ಕಣ್ಣು ಬೇಕು. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲಿನಲ್ಲಿ ಒಂದೇ ಒಂದು ‘ನಾಟ್’ ಬಿಟ್ಟುಹೋಗಿ, ‘ವ್ಯಭಿಚಾರ ಮಾಡು’ ಎಂದು ದೇವರೇ ಅಪ್ಪಣೆ ಕೊಟ್ಟಂತಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು.

3. ಟ್ರಾನ್ಸ್‌ಲೇಟ್ ಬಟನ್ನಿಗೆ ತಲೆ ಒಪ್ಪಿಸಬೇಡಿ.
2024ರಲ್ಲಿ ಕೊಡಗಿನ ರಸ್ತೆ ಬದಿಯ ಬೋರ್ಡೊಂದು ವೈರಲ್ ಆಯಿತು. ಕನ್ನಡದಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’. ಇಂಗ್ಲಿಷಿನಲ್ಲಿ ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’. ಬೇಗ ಒಂದು ಡಿಕ್ಕಿ ಹೊಡೆಯಿರಿ ಅಂದ ಹಾಗೆ! ಎಚ್ಚರಿಕೆ ಹೇಳಹೊರಟ ಬೋರ್ಡೇ ಅವಸರಕ್ಕೆ ಬಿದ್ದಿತ್ತು.

4. ತಪ್ಪಾಯಿತೇ? ಡಿಲೀಟ್ ಮಾಡಬೇಡಿ, ತಿದ್ದಿ.
ವಾಟ್ಸ್‌ಆ್ಯಪ್‌ನಲ್ಲಿ ಎಡಿಟ್ ಮಾಡಲು 15 ನಿಮಿಷ ಸಿಗುತ್ತದೆ. ಜಿಮೇಲ್‌ನಲ್ಲಿ ‘ಅನ್‌ಡು ಸೆಂಡ್’ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ. ಅದರಲ್ಲಿ ಏನಿತ್ತು ಅಂತ ಇಡೀ ಗ್ರೂಪು ಊಹಿಸುವುದು ಮೂಲ ತಪ್ಪಿಗಿಂತ ಭಯಂಕರವಾಗಿರುತ್ತದೆ.

5. ವಿಚಿತ್ರ ಮೆಸೇಜ್ ನಿಮಗೇ ಬಂದರೆ ಫೋನ್ ಮಾಡಿ.
ಸ್ಕ್ರೀನ್‌ಶಾಟ್ ತೆಗೆದು ನಗುವುದು ಆಮೇಲೆ ಇದ್ದೇ ಇದೆ. ಎರಡು ಲೋಡ್ ಕಳ್ಳು ಸೈಟಿನಲ್ಲಿ ಇಳಿಯುವ ಮುಂಚೆ ಒಂದು ಸಲ ಕೇಳಿಬಿಡಿ: “ಸಾರ್, ಲ ನೋ, ಳ ನೋ?”