ರಜೆಯಲ್ಲಿ ಕಲಿತದ್ದು ಮರೆಯದಿರಲು ಏನು ಮಾಡಬೇಕು?



ಬೇಸಿಗೆ ರಜೆ ಎಂದರೆ ನಮಗೆಲ್ಲಾ ಬಲು ಇಷ್ಟ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸುಮಾರು ಏಳು ವಾರ ಶಾಲೆ ಇರುವುದಿಲ್ಲ. ಮಾವಿನಕಾಯಿ, ಜಾತ್ರೆ, ಅಜ್ಜಿ ಮನೆ ಎಲ್ಲಾ ಇರುತ್ತೆ. ಆದರೆ ಮೊಳೆಗೆ ನೇತು ಹಾಕಿದ ಪುಸ್ತಕದ ಚೀಲ ಮಾತ್ರ ಶಾಲೆ ಶುರುವಾಗೋವರೆಗೂ ಅಲ್ಲೇ ಇರುತ್ತೆ.

ಕಳೆದ ವರ್ಷ ರಜೆ ಮುಗಿದ ಮೇಲೆ ಮೇಷ್ಟ್ರು ಬೋರ್ಡಿನ ಮೇಲೆ 1/2, 1/4 ಎಂದು ಬರೆದು "ಯಾವುದು ದೊಡ್ಡದು?" ಅಂದರು. ನಾನು ಎದ್ದು ನಿಂತು "1/4 ಸಾರ್, ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ" ಅಂದೆ. ಎಲ್ಲರೂ ನಕ್ಕರು. ಪರೀಕ್ಷೆಯಲ್ಲಿ ಇದೇ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು! ಆ ದಿನ ಮಧ್ಯಾಹ್ನದ ಊಟವೂ ಸೇರಲಿಲ್ಲ.

ಸಂಜೆ ಅಜ್ಜಿ ರಾಗಿ ಅಳೆಯುತ್ತಿದ್ದರು. ವಿಷಯ ಕೇಳಿ, "ಲೋ ಮಗಾ, ಒಂದು ಸೇರಿಗೆ ಎರಡು ಅಚ್ಚೇರು, ನಾಲ್ಕು ಪಾವು. ಈಗ ಹೇಳು, ಅಚ್ಚೇರು ದೊಡ್ಡದಾ, ಪಾವು ದೊಡ್ಡದಾ?" ಅಂದರು. ಪಾವಿನಲ್ಲಿ ನಾನೇ ಅಳೆದು ನೋಡಿದೆ. ಅಚ್ಚೇರು ಅಂದರೆ 1/2, ಪಾವು ಅಂದರೆ 1/4. ಮೂರು ಪಾವು ಹಾಕಿದರೆ 3/4 ಸೇರು. ಹೆಚ್ಚು ಪಾಲು ಮಾಡಿದಷ್ಟೂ ಒಂದೊಂದು ಪಾಲು ಚಿಕ್ಕದಾಗುತ್ತೆ. ಶಾಲೆಗೇ ಹೋಗದ ನಮ್ಮಜ್ಜಿ ಇದನ್ನು ಮರೆತೇ ಇಲ್ಲ, ಯಾಕೆಂದರೆ ದಿನಾ ಕೈಯಲ್ಲಿ ಅಳೆಯುತ್ತಾರೆ. ನಾನು ಬಾಯಿಪಾಠ ಮಾಡಿದ್ದೆ, ಮರೆತೆ.

ಆದ್ದರಿಂದ ಈ ರಜೆಗೆ ನಾನು ಮಾಡಿಕೊಂಡಿರುವ ಪಟ್ಟಿ ಇದು:

1. ಮನೆಯ ಲೆಕ್ಕ: ಡೈರಿಗೆ ಹಾಕಿದ ಹಾಲು, ಅಂಗಡಿ ಸಾಮಾನಿನ ಚೀಟಿ, ಎರಡನ್ನೂ ನಾನೇ ಕೂಡಿ ಬರೆಯುವುದು. ಕುರಿ ಮೇಯಿಸಲು ಹೋಗುವವರು ಅಲ್ಲೇ ಕಲ್ಲು ಜೋಡಿಸಿ ಮಗ್ಗಿ ಹೇಳಬಹುದು.

2. ಓದು: ಇದು ಮದುವೆ ಕಾಲ. ಮನೆಗೆ ಬರುವ ಲಗ್ನಪತ್ರಿಕೆಗಳನ್ನು ತಂಗಿಯಿಂದ ಗಟ್ಟಿಯಾಗಿ ಓದಿಸುವುದು. ಒತ್ತಕ್ಷರ ತಾನಾಗೇ ಬರುತ್ತೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ ಮಾಡಿದರು. ವಾರಕ್ಕೊಂದು ಕಥೆ ಪುಸ್ತಕ ಓದೋಣ.

3. ವಿಜ್ಞಾನ: ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಟ್ಟು, ದಿನಾ ಮಧ್ಯಾಹ್ನ ಅತಿ ಗಿಡ್ಡ ನೆರಳನ್ನು ಅಳೆದು ಬರೆಯುವುದು. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದ ದಿನ ಕೋಲಿನ ನೆರಳೇ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಆಸುಪಾಸು, ಹುಬ್ಬಳ್ಳಿಯಲ್ಲಿ ಮೇ 2ರ ಆಸುಪಾಸು, ಬೀದರಿನಲ್ಲಿ ಮೇ 12ರ ಆಸುಪಾಸು. ಉತ್ತರಕ್ಕೆ ಹೋದಂತೆ ದಿನ ಮುಂದಕ್ಕೆ ಹೋಗುತ್ತೆ. ನಮ್ಮೂರಲ್ಲಿ ಯಾವತ್ತು ಅಂತ ನಾವೇ ಕಂಡುಹಿಡಿಯೋಣ. ಆದರೆ ನೆರಳನ್ನು ಮಾತ್ರ ನೋಡಿ, ಸೂರ್ಯನನ್ನು ನೇರವಾಗಿ ನೋಡಬೇಡಿ.

ಇದಕ್ಕೆಲ್ಲಾ ದಿನಕ್ಕೆ ಅರ್ಧ ಗಂಟೆ ಸಾಕು, ಉಳಿದದ್ದು ಆಟಕ್ಕೆ. ಹನಿ ಹನಿಗೂಡಿದರೆ ಹಳ್ಳ ಅಲ್ಲವೇ? ಗುರುಗಳಲ್ಲಿ ಒಂದು ವಿನಂತಿ: ಶಾಲೆ ತೆರೆದ ಮೊದಲ ದಿನ ನಮ್ಮ ನೆರಳಿನ ಪಟ್ಟಿಯನ್ನು ದಯವಿಟ್ಟು ನೋಡಿ. ಆಮೇಲೆ 1/2, 1/4 ಕೂಡ ಕೇಳಿ ಸಾರ್. ಈ ಸಲ ನಾನೇ ಮೊದಲು ಕೈ ಎತ್ತುತ್ತೇನೆ.

— 7ನೇ ತರಗತಿಯ ವಿದ್ಯಾರ್ಥಿ