ಎಐಗೆ ಕೆಲಸ ಹೇಳುವ ಮುನ್ನ

ಕಚೇರಿ ಕೆಲಸಗಳನ್ನು ತಾನಾಗಿ ನಡೆಸುವ ಪವರ್ ಆಟೊಮೇಟ್‌ನಂಥ ಸಾಧನಗಳಲ್ಲಿ ಈಗ ಬೇಕಾದ್ದನ್ನು ಸಾಮಾನ್ಯ ಮಾತಿನಲ್ಲಿ ಬರೆದರೆ ಸಾಕು, ವರ್ಕ್‌ಫ್ಲೋದ, ಅಂದರೆ ಕೆಲಸ ಸಾಗುವ ಹಂತಗಳ, ಕರಡನ್ನು ಎಐ ಸಿದ್ಧಮಾಡುತ್ತದೆ. ಹಾಗಂತ ‘ವಿದ್ಯಾರ್ಥಿವೇತನಕ್ಕೆ ಒಂದು ಒಳ್ಳೆಯ ಫಾರಂ ಮಾಡಿಕೊಡು’ ಎಂದಷ್ಟೇ ಬರೆದು ಕೈಕಟ್ಟಿ ಕೂರಬೇಡಿ. ಒಳ್ಳೆಯದು ಅಂದರೆ ನಿಮ್ಮ ಲೆಕ್ಕದಲ್ಲಿ ಏನೆಂದು ಅದಕ್ಕೆ ಗೊತ್ತಿಲ್ಲ. ಊಹಿಸುತ್ತದೆ, ಅದೂ ಭಾರಿ ಆತ್ಮವಿಶ್ವಾಸದಿಂದ.

ಪ್ರತಿ ಕಾಲಂಗೂ ನಿಯಮ ಬರೆಯಿರಿ. ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಸ್ಥಾನ: ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಸೊನ್ನೆ. ಅಲ್ಲಿ ‘ಓ’ ಅಕ್ಷರ ಒತ್ತಿಬಿಡುವವರು ಇದ್ದೇ ಇರುತ್ತಾರೆ, ಆಮೇಲೆ ಹಣ ಜಮೆಯಾಗುವುದಿಲ್ಲ. ಪಿನ್‌ಕೋಡ್ 6 ಅಂಕಿ, ಸೊನ್ನೆಯಿಂದ ಶುರುವಾಗದು. ‘ಸರ್‌ನೇಮ್ ಕಡ್ಡಾಯ’ ಎಂದು ಮಾತ್ರ ಹಾಕಿಸಬೇಡಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಬರೀ ಇನಿಷಿಯಲ್.

ಇನ್ನು ಒಪ್ಪಿಗೆಯ ಹಾದಿ. ಅರ್ಜಿ ಯಾರು ನೋಡಬೇಕೆಂದು ಎಲ್ಲರೂ ಬರೆಯುತ್ತಾರೆ. ಅವರು ರಜೆಯಲ್ಲಿದ್ದರೆ ಅದು ಯಾರ ಬಳಿ ಹೋಗಬೇಕು, ಎಷ್ಟು ದಿನ ಕಾಯಬೇಕು, ತಿರಸ್ಕರಿಸಿದರೆ ಕಾರಣ ಕೊಡಲೇಬೇಕೇ? ಬಿಟ್ಟುಹೋಗುವುದು ಇವೇ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

ಕರಡು ಬಂದ ಮೇಲೆ ಬೇಕೆಂದೇ ತಪ್ಪು ತಪ್ಪಾಗಿ ತುಂಬಿ ನೋಡಿ. ಆದರೆ ಅರ್ಜಿದಾರರ ಅಸಲಿ ಆಧಾರ್ ಸಂಖ್ಯೆಯನ್ನು ಮಾದರಿಗೆಂದು ಎಐಗೆ ಕೊಡಬೇಡಿ. ಸುಳ್ಳು ಹೆಸರು, ಸುಳ್ಳು ಸಂಖ್ಯೆ ಸಾಕು.