ನಲ್ಲಿಯ ಮೈಮೇಲಿನ ಮುದ್ರೆ

ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರವನ್ನು ಕ್ರಮಿಸಿ, ಮೂರು ಹಂತಗಳಲ್ಲಿ ಸುಮಾರು 500 ಮೀಟರು ಎತ್ತರಕ್ಕೆ ಏರಿ ಬರುವ ಕಾವೇರಿಯ ನೀರು ಬೆಂಗಳೂರಿನ ಗೃಹಸ್ಥನಿಗೆ ದೊರೆಯುವುದು ಅಂಗೈಯಲ್ಲಿ ಹಿಡಿಯುವಷ್ಟರ ಒಂದು ನಲ್ಲಿಯ ಮುಖಾಂತರ. ಆ ನಲ್ಲಿಯನ್ನು ಕೊಳ್ಳುವಾಗ ಹೊಳಪನ್ನೂ ಬೆಲೆಯನ್ನೂ ವಿಚಾರಿಸುವ ನಾವು ಅದರ ಮೈಮೇಲಿನ ಅಕ್ಷರಗಳನ್ನು ಓದುವುದು ವಿರಳ; ಗ್ರಾಹಕನ ಹಕ್ಕಿಗೆ ಮೊದಲನೆಯ ಸಾಕ್ಷಿಯಾದರೋ ಆ ಅಕ್ಷರಗಳೇ.

ಐಎಸ್‌ಐ ಮುದ್ರೆಯ ಮೇಲ್ಗಡೆ ಮಾನಕದ ಸಂಖ್ಯೆಯೂ, ಕೆಳಗಡೆ ‘ಸಿಎಂ/ಎಲ್’ ಎಂದು ಮೊದಲಾಗುವ ಪರವಾನಗಿಯ ಸಂಖ್ಯೆಯೂ ಇರತಕ್ಕದ್ದು. ತಿರುಪಿನ ಸಾಮಾನ್ಯ ನಲ್ಲಿಗೆ ಐಎಸ್ 781, ಅಲಂಕಾರದ ನಲ್ಲಿಗಳಿಗೆ ಐಎಸ್ 8931, ಬಿಸಿನೀರನ್ನೂ ತಾಳುವ ಸಿಪಿವಿಸಿ ಕೊಳವೆಗೆ ಐಎಸ್ 15778. ಪರವಾನಗಿಯ ಸಂಖ್ಯೆ ನಿಜವೇ ಎಂಬುದನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು. ಮುದ್ರೆ ಹೊತ್ತ ವಸ್ತುವು ಮಾನಕಕ್ಕೆ ಹೊಂದದೆಹೋದಲ್ಲಿ, ಪರವಾನಗಿ ಪಡೆದ ತಯಾರಕನು ಕೊಂಡವನಿಗೆ ಪರಿಹಾರ ತೆರಬೇಕೆಂದು 2016ರ ಭಾರತೀಯ ಮಾನಕ ಬ್ಯೂರೋ ಅಧಿನಿಯಮವು ವಿಧಿಸುತ್ತದೆ. ಮುದ್ರೆಯಿಲ್ಲದ ಅಗ್ಗದ ಮಾಲನ್ನು ಕೊಂಡವನು ಈ ಆಸರೆಯನ್ನು ತಾನಾಗಿಯೇ ಕಳೆದುಕೊಳ್ಳುತ್ತಾನೆ.

ಲೋಹದ ವಿಷಯದಲ್ಲಿ ನನಗೆ ವಿಶೇಷ ಕಳವಳವುಂಟು. ಸತುವಿನ ಮಿಶ್ರಲೋಹಕ್ಕೆ ಕ್ರೋಮಿಯಂ ಲೇಪಿಸಿ ಹಿತ್ತಾಳೆಯೆಂದು ಮಾರಿದಾಗ ಕಣ್ಣು ಮೋಸಹೋಗುತ್ತದೆ, ಕೈಗೆ ಮಾತ್ರ ಆ ಹಗುರ ತಿಳಿಯುತ್ತದೆ. ಹಿತ್ತಾಳೆಯಲ್ಲಿಯೂ ಕಡೆತಕ್ಕೆ ಅನುಕೂಲವಾಗಲೆಂದು ಸೀಸ ಬೆರೆಸುವ ವಾಡಿಕೆಯಿದೆ. ಕುಡಿಯುವ ನೀರಿನಲ್ಲಿ ಸೀಸವು ಲೀಟರಿಗೆ 0.01 ಮಿಲಿಗ್ರಾಮನ್ನು ಮೀರಬಾರದೆಂದು ಐಎಸ್ 10500 ಹೇಳುವುದರಿಂದ, ಅಡಿಗೆಮನೆಯ ನಲ್ಲಿಯನ್ನು ಆರಿಸುವಾಗ ಇಮ್ಮಡಿ ಎಚ್ಚರ ಅಗತ್ಯ. ರಾತ್ರಿಯೆಲ್ಲ ನಲ್ಲಿಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಗಿಡಗಳಿಗೆ ಹಾಕಿ, ಆಮೇಲೆ ಬಂದುದನ್ನು ಮಕ್ಕಳಿಗೆ ಕುಡಿಯಲು ಕೊಡುವುದು ಲೇಸು.

ಬೆಂಗಳೂರಿನಲ್ಲಿ ಬೀದಿಯ ಮುಖ್ಯ ಕೊಳವೆಯಿಂದ ಸಂಪರ್ಕ ಪಡೆಯಲು ಜಲಮಂಡಳಿಯ ಅನುಮತಿ ಬೇಕು; ಆ ಕೆಲಸ ಪರವಾನಗಿಯುಳ್ಳ ಪ್ಲಂಬರಿನಿಂದಲೇ ನಡೆಯತಕ್ಕದ್ದು. ಆ ಕೊಳವೆಗೆ ನೇರವಾಗಿ ಮೋಟಾರು ಜೋಡಿಸುವುದು ನಿಷಿದ್ಧ: ಮೋಟಾರಿನ ಸೆಳೆತಕ್ಕೆ ಒತ್ತಡ ಕುಸಿದಾಗ, ಕೊಳವೆಯ ಬಿರುಕುಗಳಿಂದ ಹೊರಗಿನ ಕೊಳೆಯು ಇಡೀ ಬೀದಿಯ ನೀರಿಗೆ ಸೇರಬಲ್ಲದು.

ಇಷ್ಟಾದರೂ ನಲ್ಲಿ ಕೆಟ್ಟರೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಎರಡು ವರ್ಷಗಳೊಳಗೆ, ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಮೊದಲು ಸಲಹೆ ಬೇಕಾದವರು 1915ಕ್ಕೆ ಕರೆಮಾಡಬಹುದು. ಹಣ ಪಡೆದು ಕೆಲಸ ಮಾಡಿದ ಪ್ಲಂಬರಿನ ಸೇವೆಯಲ್ಲಿನ ನ್ಯೂನತೆಯೂ ದೂರಿಗೆ ವಿಷಯವೇ. ದೋಷದ ನಿರ್ಣಯಕ್ಕಾಗಿ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದಾದುದರಿಂದ, ಒಡೆದ ನಲ್ಲಿಯನ್ನು ಹಳೆ ಸಾಮಾನಿನವನ ತಕ್ಕಡಿಗೆ ಹಾಕದೆ, ಬಿಲ್ಲಿನೊಡನೆ ಕಟ್ಟಿ ಜೋಪಾನವಾಗಿ ಇಟ್ಟುಕೊಂಡಿರಬೇಕು.